ಚುಕ್ಕಿಗೊಂದು ಬಾಲ

ವಿಲ್ಫ್ ಗಾರ್ಸೈಡ್ ಸತ್ತ ವಾರ ನನ್ನ ಚಹಾದಂಗಡಿಯ ಹಲಗೆಯ ಮೇಲೆ ಏನು ಬರೆದರೂ ನಡೆಯಿತು. ಒಂದು ದಿನ ಬೇಕೆಂದೇ ತಪ್ಪು ಬರೆದೆ. ಗಿರಾಕಿಗಳು ಬಂದರು, ಓದಿದರು, ಚಹಾ ಕುಡಿದರು, ಹೋದರು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಸಂಜೆ ಹಲಗೆ ಒರೆಸುವಾಗ ನನಗೆ ಅಳು ಬಂತು. ಇಷ್ಟು ವರ್ಷ ಆ ಮನುಷ್ಯನಿಗೆ ಹಿಡಿಶಾಪ ಹಾಕಿದವಳು ನಾನು, ಹಾಗಾಗಿ ಅಳುವ ಹಕ್ಕು ನನಗೆ ಉಳಿದವರಿಗಿಂತ ಹೆಚ್ಚು.

ವಿಲ್ಫ್ ನಮ್ಮ ಸ್ಕೆಲ್‌ಬೆಕ್ ಊರಿನ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವನು. ಪತ್ರಿಕೆ ಮುಚ್ಚಿತು, ವಿಲ್ಫ್ ಮುಚ್ಚಲಿಲ್ಲ. ಓದಲು ಕರಡು ಸಿಗದ ಮೇಲೆ ಊರನ್ನೇ ಓದತೊಡಗಿದ. ಮಾಂಸದಂಗಡಿ ಸ್ಟ್ಯಾನನ ಫಲಕ, ಚರ್ಚಿನ ಬಾಗಿಲ ಪ್ರಕಟಣೆ, ಬಸ್ ನಿಲ್ದಾಣದ ಗೋಡೆ, ಯಾವುದನ್ನೂ ಬಿಡಲಿಲ್ಲ. ಕೋಟಿನ ಜೇಬಿನಲ್ಲಿ ಸದಾ ಒಂದು ಸೀಮೆಸುಣ್ಣ, ಒಂದು ಮೋಟು ಪೆನ್ಸಿಲ್. ಅಕ್ಷರ ತಪ್ಪಿದರೆ ಅವನು ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವನ ಜೀವವೆಲ್ಲ ಚುಕ್ಕಿ ಮತ್ತು ಬಾಲವಿರುವ ಚುಕ್ಕಿಯಲ್ಲಿ, ಅಂದರೆ ಕಾಮಾದಲ್ಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ಬರೀ ಉಸಿರು ತೆಗೆದುಕೊಳ್ಳಬೇಕು ಎನ್ನುವುದರಲ್ಲಿ.

ನಮ್ಮ ಇಂಗ್ಲಿಷು ಆ ವಿಷಯದಲ್ಲಿ ಬಹಳ ಮೋಸದ ಭಾಷೆ. ಚುಕ್ಕಿ ಒಂದು ಹೆಜ್ಜೆ ಆಚೆ ಬಿದ್ದರೆ ಇಟ್ಟವರ ಮಾನ ಹೋಗುತ್ತದೆ. ನನ್ನದು ಹೋದದ್ದು ಅಂಗಡಿ ತೆರೆದ ಮೊದಲ ವಾರದಲ್ಲೇ. ಹಲಗೆಯ ಮೇಲೆ ನಾನು ಬರೆದದ್ದು: "ಇವತ್ತು ಹುರಿದ ಕೋಳಿ, ಮಕ್ಕಳು. ಮುದುಕರಿಗೆ ಅರ್ಧ ಬೆಲೆ."

ವಿಲ್ಫ್ ಒಳಗೆ ಬಂದು ಕಿಟಕಿ ಪಕ್ಕ ಕುಳಿತು ಟೋಪಿ ತೆಗೆದ.

"ಪೆಗ್, ನಾನು ಮುದುಕ ತಾನೆ?"

"ಮುದುಕನೇ. ಅದರಲ್ಲೇನು ಅನುಮಾನ?"

"ಹಾಗಾದ್ರೆ ಅರ್ಧ ಬೆಲೆಗೆ ಒಂದು ಮಗು ಕೊಡು. ತುಂಬ ದೊಡ್ಡದು ಬೇಡ, ನಂಗೆ ಅರಗಲ್ಲ. ಪಕ್ಕದಲ್ಲಿ ಸ್ವಲ್ಪ ಬಟಾಣಿ ಇರ್ಲಿ."

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ನನ್ನ ಮುಖ ಬೀಟ್‌ರೂಟ್ ಆಗಿತ್ತು. ಆಮೇಲೆ ಅವನು ಮಾಡಿದ್ದನ್ನು ಮಾತ್ರ ನಾನು ಮರೆತಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದ, ಆದರೆ ಹಲಗೆಯ ಹತ್ತಿರ ಹೋಗಲಿಲ್ಲ. ಅದನ್ನು ನನ್ನ ಅಂಗೈಯಲ್ಲಿಟ್ಟು, "ನೀನೇ ಹಾಕು" ಎಂದ. ನಾನು ಹೋಗಿ ಕೋಳಿಯ ಮುಂದೆ ಚುಕ್ಕಿ ಇಟ್ಟೆ, ಮಕ್ಕಳ ಮುಂದಿದ್ದದ್ದನ್ನು ಬೆರಳಿನಿಂದ ಅಳಿಸಿದೆ. ಮಕ್ಕಳು ಬದುಕಿದರು.

ಅವನ ರೀತಿಯೇ ಅದು. ಇನ್ನೊಬ್ಬರ ಬರಹ ಇನ್ನೊಬ್ಬರ ಅಡುಗೆಮನೆ ಇದ್ದ ಹಾಗೆ, ಕೇಳದೆ ಒಳಗೆ ಕೈ ಹಾಕಬಾರದು ಎನ್ನುತ್ತಿದ್ದ. ಹೊಸದಾಗಿ ಬಂದ ಪಾದ್ರಿ ನೈಜೆಲ್ ಪ್ರೌಡ್ ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: "ಈ ಭಾನುವಾರ ಪಾದ್ರಿಗಳು ಇರುವುದಿಲ್ಲ, ದೇವರಿಗೆ ಸ್ತೋತ್ರ. ಹತ್ತು ಗಂಟೆಗೆ, ಆಮೇಲೆ ಚಹಾ." ವಿಲ್ಫ್ ಅವರ ಮನೆಗೇ ಹೋಗಿ ಟೋಪಿ ತೆಗೆದು ಸಂತಾಪ ಹೇಳಿದನಂತೆ. "ಬಂದು ಇನ್ನೂ ತಿಂಗಳಾಗಿಲ್ಲ ಪಾದ್ರಿಗಳೇ, ಊರಿಗೆ ಇಷ್ಟು ಬೇಗ ನಿಮ್ಮ ಮೇಲೆ ಬೇಜಾರು ಬರಬಾರದಿತ್ತು" ಎಂದು ಪೆನ್ಸಿಲ್ ಮುಂದೆ ಹಿಡಿದನಂತೆ. ಪಾದ್ರಿಗಳು ಆ ಕಥೆಯನ್ನು ವಿಲ್ಫನ ಅಂತ್ಯಕ್ರಿಯೆಯ ದಿನ ತಾವೇ ಹೇಳಿ ಎಲ್ಲರನ್ನೂ ನಗಿಸಿದರು.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಮಾತಿದೆ. ವಿಲ್ಫ್ ಅದರ ಉಲ್ಟಾ. ಊರನ್ನೆಲ್ಲ ತಿದ್ದಿದವನು ಹೆಂಡತಿ ಮೇವಿಸ್‌ಳನ್ನು ಒಂದು ದಿನವೂ ತಿದ್ದಲಿಲ್ಲ. ಮೇವಿಸ್ ಹುಟ್ಟಿದಂದಿನಿಂದ ಒಂದು ಚುಕ್ಕಿ ಇಟ್ಟವಳಲ್ಲ, ಬರೆಯುವಾಗಲೂ ಇಲ್ಲ, ಮಾತಾಡುವಾಗಲೂ ಇಲ್ಲ. ತೊರೆ ಹರಿದ ಹಾಗೆ ಮಾತು. ಒಮ್ಮೆ ಅವಳು ಅಡುಗೆಮನೆಯಲ್ಲಿ ಗಂಡನಿಗೆ ಬರೆದಿಟ್ಟುಹೋದ ಚೀಟಿಯನ್ನು ವಿಲ್ಫ್ ನನ್ನ ಅಂಗಡಿಗೆ ತಂದು ಗಟ್ಟಿಯಾಗಿ ಓದಿದ. ಅದರಲ್ಲಿದ್ದದ್ದು ಇಷ್ಟು: "ಅಮ್ಮ ಬರುತ್ತಾಳೆ ಹೊರಗೆ ಹಾಕು ಬೆಕ್ಕನ್ನು ಒಲೆಯಲ್ಲಿ ಊಟ ಇದೆ". ಅವನು ಓದಿದ್ದು ಹೀಗೆ: "ಅಮ್ಮ ಬರುತ್ತಾಳೆ, ಹೊರಗೆ ಹಾಕು. ಬೆಕ್ಕನ್ನು ಒಲೆಯಲ್ಲಿ. ಊಟ ಇದೆ!"

ಪಕ್ಕದಲ್ಲಿ ಕುಳಿತ ಮೇವಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಕೆಣಕಬೇಕೆನಿಸಿತು.

"ಯಾಕಪ್ಪಾ ವಿಲ್ಫ್, ನಮಗೆಲ್ಲ ಸೀಮೆಸುಣ್ಣ ಕೊಡ್ತೀಯ. ಹೆಂಡ್ತಿಗೆ ಯಾಕಿಲ್ಲ? ಹೆದರಿಕೆಯಾ?"

ಅವನು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. "ಅವಳು ನಿಲ್ಲೋದು ನಂಗಿಷ್ಟ ಇಲ್ಲ ಪೆಗ್" ಎಂದ. ಅಷ್ಟೇ. ನನ್ನ ಗಂಡನೂ ಇದ್ದ ಒಬ್ಬ, ಒಳ್ಳೆಯವನೇ, ಆದರೆ ಇಂಥ ಮಾತು ಅವನ ಬಾಯಲ್ಲಿ ಬರಲಿಲ್ಲ. ಅವತ್ತಿನಿಂದ ವಿಲ್ಫನ ಕೀಟಲೆಯನ್ನು ನಾನು ಸಹಿಸಿಕೊಳ್ಳುವುದನ್ನು ಬಿಟ್ಟು ಮೆಚ್ಚಿಕೊಳ್ಳತೊಡಗಿದೆ.

ಹೂತ ಮಣ್ಣು ಕುಸಿದು ಗಟ್ಟಿಯಾಗುವವರೆಗೆ ನಮ್ಮಲ್ಲಿ ಸಮಾಧಿಗೆ ಕಲ್ಲು ನಿಲ್ಲಿಸುವುದಿಲ್ಲ. ಹಾಗಾಗಿ ಮೇವಿಸ್ ಕಲ್ಲಿನ ಮಾತೆತ್ತಿದ್ದು ಚಳಿಗಾಲದ ಕೊನೆಯಲ್ಲಿ. ಕಲ್ಲು ಕೆತ್ತುವ ಜಿಲ್ ಅಕ್ರಾಯ್ಡ್‌ಳ ಅಂಗಳ ನನ್ನ ಅಂಗಡಿಯ ಹಿಂದೆಯೇ ಇದೆ. ಮೇಲರ್ಧದಲ್ಲಿ ವಿಲ್ಫನ ಹೆಸರು, ಕೆಳಗರ್ಧ ಮೇವಿಸ್‌ಗಾಗಿ ಖಾಲಿ. ಗಂಡ ಹೆಂಡತಿಯ ಕಲ್ಲು ಎಂದರೆ ಹಾಗೇ. ಆದರೆ ಮೇವಿಸ್‌ಗೆ ಇನ್ನೊಂದು ಬೇಕಿತ್ತು. ಅದನ್ನು ಮೊದಲು ನನಗೆ ಹೇಳಿದಳು, ಸ್ಕೋನ್ ಬನ್ನು ಮುರಿಯುತ್ತಾ, ಬೆಣ್ಣೆ ಹಚ್ಚುವುದನ್ನು ಮರೆತು.

"ಪೆಗ್ ನಿಂಗೊತ್ತಲ್ಲ ನಾನು ಮನೆಯಿಂದ ಹೊರಡೋದು ಯಾವಾಗ್ಲೂ ತಡ ಒಂದ್ಸಲ ಕೈಚೀಲ ಮರೀತೀನಿ ಒಂದ್ಸಲ ಒಲೆ ಆರಿಸಿದ್ನಾ ಅಂತ ವಾಪಸ್ ಹೋಗ್ತೀನಿ ಅವನು ಯಾವತ್ತೂ ಗದರ್ಲಿಲ್ಲ ಮುಂದೆ ಹೋಗಿ ಗೇಟ್ ಹತ್ರ ನಿಂತ್ಕೊಳ್ಳೋನು ಮಳೆ ಬಂದ್ರೂ ನಿಂತ್ಕೊಳ್ಳೋನು ಈಗ್ಲೂ ಅಷ್ಟೇ ಸ್ವಲ್ಪ ಮುಂದೆ ಹೋಗಿ ನಿಂತಿದಾನೆ ಅದಕ್ಕೇ ಅವನ ಹೆಸರಿನ ಕೊನೇಲಿ ಒಂದು ಕಾಮಾ ಬೇಕು ಚುಕ್ಕಿ ಇಟ್ರೆ ಗೇಟ್ ಹಾಕ್ಕೊಂಡು ಹೋಗೇಬಿಟ್ಟ ಹಾಗಾಗತ್ತೆ ನಾನಿನ್ನೂ ಹೊರಟಿಲ್ಲ ಕಣೇ"

ನಾನು ಅವಳ ಸ್ಕೋನಿಗೆ ಬೆಣ್ಣೆ ಹಚ್ಚಿಕೊಟ್ಟೆ.

ಚರ್ಚಿನ ಅಂಗಳದ ಕಲ್ಲಿನ ಮೇಲೆ ಏನು ಕೆತ್ತಬೇಕಾದರೂ ಪಾದ್ರಿಗಳ ಒಪ್ಪಿಗೆ ಬೇಕು. ಮಾತುಕತೆಗೆ ಮೂವರೂ ನನ್ನ ಅಂಗಡಿಯಲ್ಲೇ ಸೇರಿದರು. ಪಾದ್ರಿಗಳು, ಮೇವಿಸ್, ಮತ್ತು ಕಾಗದದ ಮೇಲೆ ಆಗಲೇ ಬಾಲದ ಚುಕ್ಕಿ ಬರೆದು ತಂದಿದ್ದ ಜಿಲ್. ನಾನು ಚಹಾ ಸುರಿಯುತ್ತಿದ್ದೆ. ನಮ್ಮ ಚರ್ಚಿನ ಅಂಗಳದ ಯಾವ ಕಲ್ಲಿನಲ್ಲೂ ಸಾಲಿನ ಕೊನೆಗೆ ಯಾವ ಗುರುತೂ ಇಲ್ಲ. ಹಾಗೆಂದು ವಿಲ್ಫನ ಕಲ್ಲನ್ನೂ ಬೋಳಾಗಿ ಬಿಡಲು ಯಾರಿಗೂ ಮನಸ್ಸಿರಲಿಲ್ಲ.

"ಮಿಸೆಸ್ ಗಾರ್ಸೈಡ್, ಕಾಮಾ ಬೇಡ ಅಂತ ನಾನು ಹೇಳ್ತಾ ಇಲ್ಲ, ಖಂಡಿತ ಇಲ್ಲ" ಎಂದರು ಪಾದ್ರಿಗಳು. "ನೋಡಿದವರು, ಜಿಲ್ ಅರ್ಧಕ್ಕೇ ಉಳಿ ಬಿಸಾಕಿ ಊಟಕ್ಕೆ ಹೋದಳೇನೋ ಅಂದ್ಕೊಂಡ್ರೆ? ಬೇರೆ ಯಾರದ್ದಾದ್ರೂ ಸರಿ, ವಿಲ್ಫ್ ಕಲ್ಲಲ್ಲಿ ತಪ್ಪು ಅನ್ನೋ ಹಾಗೆ ಆಗಬಾರದಲ್ಲ ಅಂತ ಅಷ್ಟೇ."

"ಅಯ್ಯೋ ನಿಮಗೆ ತೊಂದರೆ ಆಗೋದಾದ್ರೆ ಬೇಡ ಪಾದ್ರಿಗಳೇ ಚುಕ್ಕಿನೇ ಇರ್ಲಿ ಪರವಾಗಿಲ್ಲ" ಎಂದಳು ಮೇವಿಸ್ ತಕ್ಷಣ.

ಪಾದ್ರಿಗಳ ಮುಖ ನೋಡಿದೆ. ಅವಳು ಇನ್ನೊಂದೇ ಒಂದು ಸಲ ಕೇಳಿದ್ದರೆ ಒಪ್ಪಲು ಸಿದ್ಧರಿದ್ದರು. ಅವಳು ಕೇಳಲಿಲ್ಲ. "ನಿಮಗೆ ಚುಕ್ಕಿ ಇಷ್ಟ ಅಂದ್ರೆ ನಾನ್ಯಾಕೆ ಅಡ್ಡ ಬರ್ಲಿ" ಎಂದರು ಮೆಲ್ಲಗೆ.

ಜಿಲ್ ತನ್ನ ಕಾಗದವನ್ನು ಸುರುಳಿ ಸುತ್ತಿದಳು. "ನಂಗೆ ಎರಡೂ ಒಂದೇ."

ನಮ್ಮೂರಲ್ಲಿ 'ಪರವಾಗಿಲ್ಲ' ಎಂದರೆ 'ಪ್ರಾಣ ಹೋಗುತ್ತಿದೆ' ಎಂದರ್ಥ. ತೊಟ್ಟಿಲ ಕೂಸಿಗೂ ಇದು ಗೊತ್ತು. ಆದರೂ ಹಾಗೆಂದವರ ಮಾತನ್ನು ನಂಬಿದ ಹಾಗೆ ನಟಿಸುವುದೇ ಮರ್ಯಾದೆ. ಎರಡನೇ ಸಲ ಕೇಳಿದರೆ ಅವರ ಮನಸ್ಸಿನೊಳಗೆ ಬಗ್ಗಿ ನೋಡಿದ ಹಾಗೆ. ಹೀಗೆ ಮೂವರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು, ಮೂವರಿಗೂ ಬೇಡವಾದ ಚುಕ್ಕಿಯನ್ನು ಮೇಜಿನ ಮೇಲೆ ಕೂರಿಸಿ, ಪರಸ್ಪರ ವಂದಿಸಿ ಎದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದೆ ಬಾಯಿ ಹಾಕುವುದು ಇಲ್ಲಿ ಕೊಲೆಗಿಂತ ಒಂದೇ ಒಂದು ಮೆಟ್ಟಿಲು ಕೆಳಗಿನ ಅಪರಾಧ. ನಾನು ಕೆಟಲನ್ನು ಒಲೆಯ ಮೇಲೆ ಕುಕ್ಕಿದೆ. ಅದರ ಸದ್ದು ಕೇಳಿಯಾದರೂ ಯಾರಾದರೂ ತಿರುಗಿ ನೋಡುತ್ತಾರೇನೋ ಎಂದುಕೊಂಡೆ.

ವಸಂತದಲ್ಲಿ ಕಲ್ಲು ನಿಂತಿತು. ವಿಲ್ಫ್ರೆಡ್ ಗಾರ್ಸೈಡ್ ಎಂದು ಜಿಲ್ ಕೆತ್ತಿದ ಅಕ್ಷರಗಳು ಎಷ್ಟು ಚಂದವಾಗಿದ್ದವೆಂದರೆ ಆಚೀಚೆಯ ಸತ್ತವರಿಗೆ ಹೊಟ್ಟೆ ಉರಿದಿರಬೇಕು. ಕೊನೆಯಲ್ಲಿ ಒಂದು ದುಂಡನೆಯ ಚುಕ್ಕಿ. ಮೇವಿಸ್ ಅದರ ಮುಂದೆ ಕೈಚೀಲ ಹಿಡಿದು ನಿಂತಳು.

"ತುಂಬ ಚೆನ್ನಾಗಿದೆ. ಥ್ಯಾಂಕ್ಸ್ ಜಿಲ್" ಎಂದಳು.

ಎರಡು ಮಾತು, ಎರಡರ ನಡುವೆ ನಿಲುಗಡೆ. ಮೇವಿಸ್ ಬಾಯಲ್ಲಿ ನಾನು ಮೊಟ್ಟಮೊದಲು ಕೇಳಿದ ಚುಕ್ಕಿ ಅದು.

ಅಲ್ಲಿಂದ ಮುಂದೆ ಅವಳು ಹಾಗೇ ಆದಳು. ಅಂಗಡಿಗೆ ಬಂದರೆ, "ಚಹಾ ಕೊಡು. ಸಕ್ಕರೆ ಬೇಡ. ಚಳಿ ಇದೆ." ಬೆಕ್ಕಿನ ಕಥೆ ಇಲ್ಲ, ನೆರೆಮನೆಯ ಜಗಳವಿಲ್ಲ, ಮೂವತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಬಿಟ್ಟುಬಂದ ಕೊಡೆಯ ಸುದ್ದಿಯಿಲ್ಲ. ಸಮಾಧಿಗೆ ಹೋಗುವುದನ್ನೂ ಬಿಟ್ಟಳು. ಯಾಕೆಂದು ಕೇಳಿದೆ. "ಮೊಣಕಾಲು ನೋವು. ಪರವಾಗಿಲ್ಲ" ಎಂದಳು. ಮೊಣಕಾಲು ನೋಯುವ ಹೆಂಗಸು ದಿನಾ ಅದಕ್ಕಿಂತ ದೂರದ ಕೆರೆಯವರೆಗೆ ನಡೆದು ಹೋಗುತ್ತಿದ್ದುದನ್ನು ಇಡೀ ಊರು ನೋಡುತ್ತಿತ್ತು. ಎಲ್ಲರಿಗೂ ಗೊತ್ತಿತ್ತು, ಎಲ್ಲರ ಬಾಯಿಗೂ ಬೀಗ.

ಒಂದು ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಏಪ್ರನ್ ಬಿಚ್ಚದೆಯೇ ಹಿಂದಿನ ಅಂಗಳಕ್ಕೆ ನುಗ್ಗಿದೆ. ಜಿಲ್ ಯಾವುದೋ ಕಲ್ಲಿಗೆ ನೀರು ಹಾಕಿ ತಿಕ್ಕುತ್ತಿದ್ದಳು.

"ನೀನು ಕಲ್ಲು ಕೆತ್ತೋಳೋ ಕಲ್ಲೇ ಆಗಿದೀಯೋ? ಆ ಮುದುಕಿ ಒಣಗಿಹೋಗ್ತಾ ಇದಾಳೆ. ಆ ದರಿದ್ರ ಚುಕ್ಕಿ ಕಿತ್ತು ಹಾಕು!"

"ಕಲ್ಲಲ್ಲಿ ಕೊರೆದದ್ದನ್ನ ಕೀಳೋಕಾಗಲ್ಲ, ಪೆಗ್."

"ಹಾಗಾದ್ರೆ ಮುಗೀತಾ?"

ಜಿಲ್ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಹುಬ್ಬಿನ ಮೇಲೆಲ್ಲ ಬಿಳಿ ಧೂಳು.

"ಮುಗಿದಿಲ್ಲ. ಬಾಲ ಇರೋದನ್ನ ಚುಕ್ಕಿ ಮಾಡೋಕಾಗಲ್ಲ. ಚುಕ್ಕಿಗೆ ಬಾಲ ಹಾಕ್ಬಹುದು. ಅದಕ್ಕೇ ಚುಕ್ಕೀನ ಒಂಚೂರು ಮೇಲೆ ಕೂರಿಸಿದೀನಿ, ಕೆಳಗೆ ಜಾಗ ಬಿಟ್ಟು. ನೀನು ನೋಡ್ಲಿಲ್ವಾ? ವಿಲ್ಫ್ ಆಗಿದ್ರೆ ಬೀದಿಯಿಂದಲೇ ಕಂಡುಹಿಡೀತಿದ್ದ."

"ಮತ್ತೆ ಹಾಕೋಕೆ ಏನು ರೋಗ?"

"ಮೇವಿಸ್ ಕೇಳ್ಲಿಲ್ವಲ್ಲ."

"ಅವಳು ಕೇಳಲ್ಲ!"

"ಗೊತ್ತು. ಪಾದ್ರಿಗಳು ಒಪ್ಪಿದ್ದು ಚುಕ್ಕಿಗೆ. ನಿಲ್ಲಿಸಿದ ಕಲ್ಲಿಗೆ ಬಾಲ ಅಂತ ಮತ್ತೆ ಕೇಳಿದ್ರೆ ಅವರು ಚರ್ಚಿನ ಮೇಲಿನವರನ್ನ ಕೇಳ್ಬೇಕು. ಮೇಲಿನವರು ಬೇಡ ಅಂತಾರೆ. ಅಂದಮೇಲೆ ಯಾರೂ ಕೇಳಬಾರದು, ಯಾರೂ ಹೇಳಬಾರದು, ಕೆಲಸ ಆಗ್ಬೇಕು."

ಇದು ನನಗೆ ಅರ್ಥವಾಗುವ ಭಾಷೆ. ನೇರವಾಗಿ ಪಾದ್ರಿಗಳ ಮನೆಗೆ ಹೋದೆ, ಕೈಯಲ್ಲಿ ಶುಂಠಿಯ ಕೇಕು. ಅವರು ತೋಟದಲ್ಲಿ ಗುಲಾಬಿ ಗಿಡದ ಜೊತೆ ಗುದ್ದಾಡುತ್ತಿದ್ದರು.

"ವಿಲ್ಫ್ ಕಲ್ಲಿಗೆ ಪಾಚಿ ಹಿಡಿದಿದೆಯಂತೆ ಪಾದ್ರಿಗಳೇ. ಶನಿವಾರ ಬೆಳಿಗ್ಗೆ ಜಿಲ್ ಬಂದು ಒರೆಸ್ತಾಳಂತೆ."

ಪಾದ್ರಿಗಳು ಕತ್ತರಿ ಕೆಳಗಿಟ್ಟರು. "ಮೊನ್ನೆ ನಿಲ್ಲಿಸಿದ ಕಲ್ಲಿಗೆ ಪಾಚಿಯಾ?"

"ಯಾರ್ಕ್‌ಶೈರಿನ ಮಳೆ."

"ಹೌದು ಹೌದು, ಕೆಟ್ಟ ಮಳೆ" ಎಂದರು. ಕೇಕನ್ನು ಒಮ್ಮೆ ಮೂಸಿದರು. "ಒರೆಸೋದಕ್ಕೆಲ್ಲ ಯಾರ ಒಪ್ಪಿಗೆಯೂ ಬೇಕಾಗಿಲ್ಲ ಪೆಗ್. ಶನಿವಾರ ಬೆಳಿಗ್ಗೆ ನಾನು ಅಲ್ಲೇ ಇರ್ತೀನಿ. ಗೋಪುರದ ಮೇಲೆ ಗಾಳಿಯ ದಿಕ್ಕು ತೋರಿಸೋ ಗಾಳಿಕೋಳಿ ವಾಲಿದೆ ಅಂತ ದೂರು ಬಂದಿದೆ, ಅದನ್ನೇ ನೋಡ್ತಾ ನಿಂತಿರ್ತೀನಿ. ನನ್ನ ಬೆನ್ನು ಯಾವ ಕಡೆ ಇರತ್ತೋ ನಂಗೆ ಗೊತ್ತಿರಲ್ಲ."

ಆ ಮನುಷ್ಯನ ಕೆನ್ನೆಗೆ ಮುತ್ತು ಕೊಡಬೇಕೆನಿಸಿತು. ಕೊಡಲಿಲ್ಲ, ಒಂದು ದೊಡ್ಡ ತುಂಡು ಕೇಕು ಕೊಟ್ಟೆ.

ಶನಿವಾರ ಬೆಳಗಿನ ಬಿಸಿಲಿಗೆ ಚರ್ಚಿನ ಅಂಗಳದಲ್ಲಿ ಅರ್ಧ ಊರಿತ್ತು. ನಾನು ಒಬ್ಬರಿಗೂ ಹೇಳಿರಲಿಲ್ಲ, ಸ್ಟ್ಯಾನನಿಗೆ ಮಾತ್ರ ಹೇಳಿದ್ದೆ. ಸ್ಟ್ಯಾನನಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಸ್ಟ್ಯಾನ್ ಜೀವನದಲ್ಲಿ ಮೊದಲ ಬಾರಿಗೆ ಯೂ ಮರದ ತೊಗಟೆಯನ್ನು ಪರೀಕ್ಷಿಸುತ್ತಿದ್ದ. ಅಂಚೆಯವಳು ತನ್ನ ಅಜ್ಜಿಯ ಕಲ್ಲಿಗೆ ಮೂಗು ತಗುಲಿಸಿ ನಿಂತಿದ್ದಳು. ಪಾದ್ರಿಗಳು ಕಣ್ಣಿಗೆ ಕೈ ಅಡ್ಡ ಹಿಡಿದು ಗಾಳಿಕೋಳಿಯನ್ನು ನೋಡುತ್ತಿದ್ದರು, ಅದು ನೆಟ್ಟಗೇ ನಿಂತಿತ್ತು. ವಿಲ್ಫನ ಸಮಾಧಿಯ ಕಡೆ ಮುಖ ಮಾಡಿದ ಪ್ರಾಣಿ ಒಂದೂ ಇರಲಿಲ್ಲ. ನನ್ನ ಜನರ ಬಗ್ಗೆ ನನಗೆ ನೂರೆಂಟು ತಕರಾರುಗಳಿವೆ. ಆದರೆ ಆ ಬೆಳಿಗ್ಗೆ ಅಷ್ಟು ಬೆನ್ನುಗಳನ್ನು ಒಟ್ಟಿಗೆ ನೋಡಿ ನನ್ನ ಎದೆ ತುಂಬಿ ಬಂತು.

ಕಲ್ಲು ಒರೆಸುತ್ತಾರೆ, ಬಾ ಎಂದು ಮೇವಿಸ್‌ಳನ್ನು ನಾನೇ ಕೈಹಿಡಿದು ಕರೆತಂದಿದ್ದೆ. ಜಿಲ್ ಮೊಣಕಾಲೂರಿ ಕುಳಿತಿದ್ದಳು. ಚುಕ್ಕಿಯ ಕೆಳಗೆ ಪೆನ್ಸಿಲಿನಿಂದ ಒಂದು ಪುಟ್ಟ ಬಾಲ ಬರೆದಳು. ಮೇವಿಸ್ ಅದನ್ನು ನೋಡಿದಳು, ಜಿಲ್‌ಳನ್ನು ನೋಡಿದಳು, ಸುತ್ತಲಿನ ಬೆನ್ನುಗಳನ್ನು ನೋಡಿದಳು.

"ಪಾದ್ರಿಗಳು" ಎಂದಳು ಪಿಸುಮಾತಿನಲ್ಲಿ.

"ಅವರು ಕೋಳಿ ನೋಡ್ತಿದಾರೆ" ಎಂದೆ.

ಜಿಲ್ ಉಳಿಯನ್ನು ಪೆನ್ಸಿಲ್ ಗುರುತಿನ ಮೇಲೆ ಹಿಡಿದಳು. ಇನ್ನೇನು ಹೊಡೆಯುತ್ತಾಳೆ ಎನ್ನುವಾಗ ಮರದ ಕೊಡತಿಯನ್ನು ತಿರುಗಿಸಿ ಹಿಡಿಕೆಯನ್ನು ಮೇವಿಸ್ ಕಡೆ ಚಾಚಿದಳು.

"ನೀನೇ ಹಾಕು" ಎಂದಳು.

ಯೂ ಮರದ ಹತ್ತಿರ ಸ್ಟ್ಯಾನ್ ಗಟ್ಟಿಯಾಗಿ ಮೂಗು ಸೀಟಿದ. ಆ ಎರಡು ಮಾತನ್ನು ವಿಲ್ಫನ ಬಾಯಿಂದ ಕೇಳದವರು ಆ ಅಂಗಳದಲ್ಲಿ ಯಾರಿದ್ದರು? ಕೇಳದವಳು ಒಬ್ಬಳೇ, ಮೇವಿಸ್.

"ನಂಗೆ ಬರಲ್ಲ. ನಾನು ಒಂದೂ ಹಾಕಿಲ್ಲ. ತಪ್ಪಾದ್ರೆ."

"ತಪ್ಪಾದ್ರೆ ಆಗ್ಲಿ. ತಿದ್ದೋನು ಕೆಳಗೇ ಇದಾನೆ" ಎಂದಳು ಜಿಲ್.

ಮೇವಿಸ್ ಕೈಚೀಲವನ್ನು ಹುಲ್ಲಿನ ಮೇಲಿಟ್ಟಳು. ಜಿಲ್ ಹೆಗಲಿಗೆ ಒಂದು ಕೈ ಊರಿ, ಇನ್ನೊಂದು ಕೈಯಲ್ಲಿ ಕೊಡತಿ ಹಿಡಿದು, ಜಿಲ್ ಹಿಡಿದ ಉಳಿಯ ತಲೆಗೆ ಹೊಡೆದಳು. ಮೊದಲ ಏಟು ಮುಟ್ಟಿದ್ದು ಕಲ್ಲಿಗೋ ಗಾಳಿಗೋ ತಿಳಿಯಲಿಲ್ಲ. ಆಮೇಲೆ ಟಕ್ ಟಕ್ ಎಂಬ ಸದ್ದು ಅಂಗಳದ ತುಂಬ ಕೇಳಿತು, ಪಾಚಿ ಒರೆಸುವಾಗ ಯಾವತ್ತೂ ಬಾರದ ಸದ್ದು. ಯಾರೂ ತಿರುಗಲಿಲ್ಲ. ಬಿಳಿ ಪುಡಿ ಉದುರಿತು. ಬಾಲ ಸ್ವಲ್ಪ ಸೊಟ್ಟಗಾಯಿತು, ಎಡಕ್ಕೆ ಹೋಗಬೇಕಾದದ್ದು ಎಡಕ್ಕೇ ಹೋಯಿತು, ಆದರೆ ತುದಿಯಲ್ಲಿ ಒಂಚೂರು ನಡುಗಿದೆ. ಈಗಲೂ ಹೋಗಿ ನೋಡಬಹುದು.

"ಒರೆಸಿದ್ದು ಆಯ್ತಾ?" ಪಾದ್ರಿಗಳು ಗೋಪುರವನ್ನೇ ನೋಡುತ್ತಾ ಕೂಗಿದರು.

"ಆಯ್ತು ಪಾದ್ರಿಗಳೇ" ಎಂದೆ ನಾನು.

ಮೇವಿಸ್ ಕೊಡತಿಯನ್ನು ಜಿಲ್ ಕೈಗೆ ಕೊಟ್ಟಳು. ಬಾಗಿ, ಬಾಲದೊಳಗಿನ ಪುಡಿಯನ್ನು ಊದಿ, ತೋರುಬೆರಳಿನಿಂದ ಒಮ್ಮೆ ಮೇಲಿಂದ ಕೆಳಕ್ಕೆ ಸವರಿದಳು. ಬೆರಳು ಕೆತ್ತಿದ ಗೆರೆಯಿಂದ ಜಾರಿ ಕೆಳಗಿನ ಖಾಲಿ ಕಲ್ಲಿನ ಮೇಲೆ ಬಂದು ನಿಂತಿತು. ಅಲ್ಲಿಯೇ ಅಂಗೈಯಿಟ್ಟು ಗಂಡನ ಜೊತೆ ಮಾತಿಗೆ ತೊಡಗಿದಳು. ನಾವೆಲ್ಲ ಕೇಳಿಸಿಕೊಳ್ಳುತ್ತಿದ್ದೇವೆ ಎಂಬ ಪರಿವೆಯೇ ಅವಳಿಗೆ ಇರಲಿಲ್ಲ.

"ನೋಡಿದ್ಯಾ ಸೊಟ್ಟ ಆಗಿದೆ ನಗಬೇಡ ಮೊದಲನೇದು ಹಾಗೇ ಆಗೋದು ನೀನು ಅಲ್ಲೇ ನಿಂತಿರು ವಿಲ್ಫ್ ಅವಸರ ಮಾಡ್ಬೇಡ ಬೆಕ್ಕಿಗೆ ಇನ್ನೂ ಹಾಲು ಹಾಕಿಲ್ಲ ಒಲೆ ಆರಿಸಿದ್ನಾ ಇಲ್ವಾ ನೋಡ್ಬೇಕು ಕೈಚೀಲ ಇಲ್ಲೇ ಎಲ್ಲೋ ಇಟ್ಟೆ ಚಳಿ ಆದ್ರೆ ಕೋಟ್ ಗುಂಡಿ ಹಾಕ್ಕೋ ಬಂದೆ ಇರು ಬಂದೆ"